ಹಿಟ್ಟಿನ ಹುಂಜ ಮತ್ತು ವಿಶ್ವಶಾಂತಿ

ಹಾಸನ ಜಿಲ್ಲೆಯ ಬಿಕ್ಕೋಡು ಸೀಮೆಯ ಕವಿಗಳಿಗೆ ಯುದ್ಧ ಕಂಡರೆ ಆಗುವುದಿಲ್ಲ. ಅದು ದೂರದಲ್ಲಿ ನಡೆದಷ್ಟೂ ಸಿಟ್ಟು ಜಾಸ್ತಿ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತಲ್ಲ, ಆಗಿನಿಂದ ನಮ್ಮ ಕವಿಗೋಷ್ಠಿಗಳಲ್ಲಿ ಪುಟಿನ್‌ಗೆ ಬುದ್ಧಿ ಹೇಳದವರೇ ಇಲ್ಲ. ಆಮೇಲೆ ಗಾಜಾ ಬಂತು. ಪುಟಿನ್ ಇದ್ದ ಜಾಗಕ್ಕೆ ನೆತನ್ಯಾಹು ಹಾಕಿದರು. ಛಂದಸ್ಸು ಒಂಚೂರು ಕೆಟ್ಟಿತು, ಶಾಂತಿ ಕೆಡಲಿಲ್ಲ. ಬುದ್ಧ, ಪಾರಿವಾಳ, ಮೇಣದಬತ್ತಿ ಹಿಂದಿನ ಸಲದ್ದೇ ಇತ್ತು.

ಕವಿಗೋಷ್ಠಿಯ ವಿಧಿವಿಧಾನ ಗೊತ್ತಿರುವುದೇ. ತನಗೆ ಮೂರೇ ನಿಮಿಷ ಕೊಟ್ಟಿದ್ದಾರೆಂದು ಕವಿ ಐದು ನಿಮಿಷ ನೊಂದುಕೊಳ್ಳುತ್ತಾನೆ. ಓದುತ್ತಾನೆ. ಚಪ್ಪಾಳೆ ಬೀಳದ ಸಾಲನ್ನು ಇನ್ನೊಮ್ಮೆ ಓದುತ್ತಾನೆ. ಶಾಲು, ಸ್ಮರಣಿಕೆ, ಪ್ರಮಾಣಪತ್ರ ಕೈಸೇರಿದ ಮೇಲೆ ಬೇಲೂರಿನ ಬಸ್ಸು ಹಿಡಿಯುತ್ತಾನೆ. ಕೊನೆಯ ಕವಿ ಶಾಂತಿಗೆ ಕರೆ ಕೊಡುವ ಹೊತ್ತಿಗೆ ಕೇಳುವುದಕ್ಕೆ ಉಳಿದಿರುವವರು ಅಧ್ಯಕ್ಷರು ಮತ್ತು ಶಾಮಿಯಾನದವನು. ಇಬ್ಬರೂ ಎದ್ದು ಹೋಗುವ ಹಾಗಿಲ್ಲ.

ಬರೆದುಬಿಟ್ಟರೆ ಶಾಂತಿ ಬರುತ್ತದೆ ಎನ್ನುವ ನಂಬಿಕೆಗೆ ನಮ್ಮ ನೆಲದಲ್ಲೇ ಆಧಾರ ಸಿಗುತ್ತದೆ. ಬೇಲೂರು ದಾಟಿ ಹೋದರೆ ಹಳೇಬೀಡು, ಅಂದಿನ ದೋರಸಮುದ್ರ. ಅಲ್ಲಿ ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಮುಗಿಸಿದ. ಅದರಲ್ಲಿ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ದೇವಿಗೆ ಬಲಿ ಕೊಡುತ್ತಾನೆ. ಜೀವ ತೆಗೆಯಲು ಮನಸ್ಸಿಲ್ಲದೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಆದರೂ ಕರ್ಮ ಬಿಡಲಿಲ್ಲ. ಸಂಕಲ್ಪ ಮಾಡಿದ ಪಾಪಕ್ಕೇ ತಾಯಿ-ಮಗ ನವಿಲು, ನಾಯಿ, ಮೀನು, ಆಡು ಎಂದು ಜನ್ಮಜನ್ಮ ಅಲೆಯಬೇಕಾಯಿತು. ನಮ್ಮ ಕವಿಗಳು ಇದನ್ನು ತಿರುವು ಮುರುವಾಗಿ ಓದಿಕೊಂಡಿದ್ದಾರೆ: ಹಿಟ್ಟಿನ ಹುಂಜ ಕಡಿದರೆ ಕೊಲೆಯ ಪಾಪ ಬರುವುದಾದರೆ, ಹಿಟ್ಟಿನ ಪಾರಿವಾಳ ಹಾರಿಸಿದರೆ ಶಾಂತಿಯ ಪುಣ್ಯ ಯಾಕೆ ಬರಬಾರದು?

ಅಂದಹಾಗೆ, ಜನ್ನನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ ಹೊಯ್ಸಳ ದೊರೆ ವೀರಬಲ್ಲಾಳ, ಸೇವುಣರ ಮೇಲೆ ಯುದ್ಧ ಮಾಡಿ ರಾಜ್ಯ ಬೆಳೆಸಿದವನು. ಬಿರುದು ಕೊಡಲು ಅಹಿಂಸೆ ಅಡ್ಡ ಬರಲಿಲ್ಲ, ದಂಡೆತ್ತಿ ಹೋಗಲು ಕಾವ್ಯ ಅಡ್ಡ ಬರಲಿಲ್ಲ. ಸನ್ಮಾನ ಮಾಡುವವರು ಇವತ್ತಿಗೂ ಈ ಪದ್ಧತಿ ಬಿಟ್ಟಿಲ್ಲ.

ಹಾಗಂತ ಕವಿತೆಯಿಂದ ಏನೂ ಆಗುವುದಿಲ್ಲ ಎನ್ನಬೇಡಿ. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ ಒಂದು ಕವಿತೆ ಓದಿದರು. ಪೌರತ್ವಕ್ಕೆ ದಾಖಲೆ ಕೇಳುವವರ ದಾಖಲೆಯನ್ನೇ ಕೇಳಿದ ಕವಿತೆ. ದೂರು ಬಿತ್ತು, ಕವಿಯ ಮೇಲೂ ಅದನ್ನು ಹಂಚಿಕೊಂಡ ಪತ್ರಕರ್ತರ ಮೇಲೂ ಕೇಸಾಯಿತು, ಇಬ್ಬರೂ ಕೋರ್ಟಿನಲ್ಲಿ ಜಾಮೀನು ಪಡೆಯಬೇಕಾಯಿತು. ಆ ಕವಿತೆಗೆ ವಿಳಾಸ ಇತ್ತು, ಹೋಗಿ ಮುಟ್ಟಿತು. ವಿಶ್ವಶಾಂತಿಗೆ ಆ ಭಯವಿಲ್ಲ. ಪುಟಿನ್ ಬಿಕ್ಕೋಡಿಗೆ ಪೊಲೀಸರನ್ನು ಕಳಿಸುವವನಲ್ಲ.

ವಿಳಾಸಕ್ಕೆ ನಮ್ಮಲ್ಲೇನು ಬರವೇ? 2015ರಲ್ಲಿ ಇದೇ ಹಾಸನ ಜಿಲ್ಲೆಯ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಗೆ ಕಾಲಿಟ್ಟ ದಲಿತ ಹೆಂಗಸರಿಗೆ ದಂಡ ಹಾಕಿದರು. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಿಸುವ ಹಳೆಯ ಸಂಪ್ರದಾಯ ಬೇಡವೆಂದು 2022ರಲ್ಲಿ ಗಲಾಟೆ ಎದ್ದಿತು, ಮರುವರ್ಷ ಬೀದಿಗೇ ಬಂತು. ಇದರ ಮೇಲೊಂದು ಬರೀಬಾರ್ದಾ ಎಂದು ಕೇಳಿ ನೋಡಿ. “ಅವೆಲ್ಲ ಲೋಕಲ್ ವಿಷಯ ಕಣ್ರೀ, ಕಾವ್ಯ ಸಾರ್ವಕಾಲಿಕ ಆಗಿರ್ಬೇಕು” ಎಂಬ ಉತ್ತರ ಬರುತ್ತದೆ. ಸ್ವಲ್ಪ ತಡೆದು, ತಗ್ಗಿದ ದನಿಯಲ್ಲಿ: “ಅಲ್ದೆ, ಎರಡು ಕಡೆಯೋರೂ ಗೋಷ್ಠಿಗೆ ಚಂದಾ ಕೊಟ್ಟವ್ರೆ.”

ಇನ್ನು ಬಿಕ್ಕೋಡಿನ ಸ್ವಂತ ಯುದ್ಧ ಕಾಫಿ ತೋಟದೊಳಗೇ ಇದೆ. ಬೆಳಗಾಗೆದ್ದು ಕೆಲಸಕ್ಕೆ ಹೊರಟ ಕೂಲಿಯಾಳು ಆನೆಗೆ ಸಿಕ್ಕಿ ಸಾಯುತ್ತಾನೆ. ರಸ್ತೆ ತಡೆ, ಪರಿಹಾರದ ಚೆಕ್ಕು, ಚೆಕ್ಕಿನ ಜೊತೆ ಫೋಟೊ. ಮತ್ತೆ ಅದೇ ತೋಟ, ಅದೇ ದಾರಿ. ಈ ಸೀಮೆಯಲ್ಲಿ ಜೀವ ಉಳಿಸುವ ಬರಹ ಯಾವುದೆಂದರೆ ಅರಣ್ಯ ಇಲಾಖೆ ಮೊಬೈಲಿಗೆ ಕಳಿಸುವ ಸಂದೇಶ: ಇಂಥ ಎಸ್ಟೇಟಿನಲ್ಲಿ ಕಾಡಾನೆಗಳಿವೆ, ಆ ಕಡೆ ಹೋಗಬೇಡಿ. ಪ್ರಾಸವಿಲ್ಲ, ಪ್ರತಿಮೆಯಿಲ್ಲ, ಬರೆದವರ ಹೆಸರೂ ಇಲ್ಲ. ಓದಿದವರು ದಾರಿ ಬದಲಿಸುತ್ತಾರೆ. ವಿಮರ್ಶಕರು ಇನ್ನೂ ಗಮನಿಸಿಲ್ಲ. ಕಷ್ಟವೆಂದರೆ, ಊರಿನ ವಾಟ್ಸಾಪ್ ಗುಂಪಿಗೆ ಬರುವ ಹೊತ್ತಿಗೆ ಅದು ಶುಭೋದಯದ ಶಾಂತಿ ಹನಿಗವನಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿರುತ್ತದೆ.

ಆದರೆ ಕಾವ್ಯಕ್ಕೆ ಆನೆ ಮಾಡಿದ ಉಪಕಾರ ದೊಡ್ಡದು. ಕತ್ತಲಾದರೆ ದಾರಿಯಲ್ಲಿ ಆನೆ ನಿಂತಿರುತ್ತದೆಂದು ನಮ್ಮ ಕಡೆ ಗೋಷ್ಠಿಯನ್ನು ಸಂಜೆ ಐದಕ್ಕೇ ಮುಗಿಸಬೇಕು. ನಿರೂಪಕರು ಚೀಟಿ ಕಳಿಸಿದರೂ, ಅಧ್ಯಕ್ಷರು ಗಂಟೆ ಬಾರಿಸಿದರೂ ಮೈಕು ಬಿಡದವರು, “ಆನೆ ಬಂತಂತೆ” ಎಂದರೆ ಸಾಲಿನ ಮಧ್ಯಕ್ಕೇ ಹಾಳೆ ಮಡಚುತ್ತಾರೆ. ಶಾಮಿಯಾನದವನು ಅಷ್ಟರಲ್ಲಿ ಹಗ್ಗ ಬಿಚ್ಚಲು ಶುರು ಮಾಡಿರುತ್ತಾನೆ.