ಪ್ಲಾಟುಮೀಮಾಂಸೆ: ಸೇಡಂ ಸೀಮೆಯ ಹೊಸ ಹೂಡಿಕೆದಾರನ ಆತ್ಮವಿಶ್ವಾಸದ ಉತ್ಪತ್ತಿ, ಸ್ಥಿತಿ, ಲಯ

ಆತ್ಮವಿಶ್ವಾಸ ಹುಟ್ಟುವ ಜಾಗ ಯಾವುದು ಎಂದು ಕೇಳಿದರೆ ಹಳಬರು ಎದೆ ಮುಟ್ಟಿಕೊಳ್ಳುತ್ತಾರೆ, ಹೊಸಬರು ತಲೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದ ಪ್ರಸ್ತುತ ಸಂಶೋಧಕನಿಗೆ ಅದು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ, ಎರಡನೇ ಚಹಾದ ಹೊತ್ತಿಗೆ ಹುಟ್ಟುವುದು ಕಂಡುಬಂದಿದೆ. (ಕ್ಷೇತ್ರಕಾರ್ಯವೆಂದರೆ ದಲ್ಲಾಳಿಯ ಬೈಕಿನ ಹಿಂದಿನ ಸೀಟು.)

ಮೊದಲಿಗೆ ಭೂಸ್ತರ ವಿಚಾರ. ಇಲ್ಲಿ ಮೇಲೆ ಎರೆಮಣ್ಣು, ಕೆಳಗೆ ಸುಣ್ಣಕಲ್ಲು. ಎರೆ ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಪ್ಲಾಟು ಕೊಂಡವನ ಮುಖವೂ ಹಾಗೆಯೇ. ಕೆಳಗಿನ ಕಲ್ಲು ಶಹಾಬಾದದಲ್ಲಿ ಪದರಪದರವಾಗಿ ಎದ್ದು ಊರೂರಿನ ಮನೆಗಳಿಗೆ ಫರಸಿಯಾಗಿದೆ. ವಾಡಿ, ಸೇಡಂ, ಮಳಖೇಡಗಳಲ್ಲಿ ಪುಡಿಯಾಗಿ ಸಿಮೆಂಟ್ ಆಗಿದೆ. ನೆಲದ ಕೆಳಗಿನದನ್ನು ಮಾರಿದವರು ಕಾರ್ಖಾನೆ ಕಟ್ಟಿದರು. ಮೇಲಿನದನ್ನು ಕೊಂಡವರು ಗುರಿ ಇಟ್ಟುಕೊಂಡರು.

ಗುರಿಯನ್ನು ಬರೆದಿಡಬೇಕೆಂದು ಸ್ಫೂರ್ತಿಭಾಷಣಕಾರರು ಹೇಳುತ್ತಾರಷ್ಟೆ. ನಮ್ಮಲ್ಲಿ ಅದನ್ನು ಹದ್ದಿನ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ. ನನ್ನದು 17.

ಇನ್ನು ಗಣಿತ. ಒಂದು ಗುಂಟೆಗೆ 1,089 ಚದರಡಿ. 30×40ರ ಪ್ಲಾಟಿಗೆ 1,200. ಹೆಚ್ಚುವರಿ 111 ಚದರಡಿಯೇ ಆತ್ಮವಿಶ್ವಾಸದ ನಿವ್ವಳ ವಿಸ್ತೀರ್ಣವೆಂದು ಊಹಿಸಬಹುದು. 40 ಗುಂಟೆಯ ಎಕರೆಯಲ್ಲಿ ಅಂಥ 36 ಪ್ಲಾಟುಗಳು ಹಿಡಿಯುತ್ತವೆ, ರಸ್ತೆ ಬಿಡದಿದ್ದರೆ. ನಾನು ನೋಡಿದ ಬಣ್ಣದ ನಕ್ಷೆಯಲ್ಲಿ ಒಂದೇ ಎಕರೆಯಲ್ಲಿ 36 ಪ್ಲಾಟು, 30 ಅಡಿ ರಸ್ತೆ, ಪಾರ್ಕು, ಹನುಮಪ್ಪನ ಗುಡಿ ಎಲ್ಲವೂ ಇದ್ದವು. ಗುಡಿ ಇರುವುದು ನ್ಯಾಯವೇ. ಪವಾಡಕ್ಕೊಂದು ದೇವರು ಬೇಕು.

ವ್ಯಾಕರಣದ ವಿಷಯದಲ್ಲಿ ನನ್ನ ಶೋಧ ಇನ್ನೂ ಮಹತ್ವದ್ದು. ಎನ್.ಎ. ಆಗಿದೆಯೇ ಎಂದು ಕೇಳಿದಾಗ ದಲ್ಲಾಳಿ, “ಫಿಕರ್ ಮಾಡಬ್ಯಾಡ್ರಿ ಸಾವ್ಕಾರ್ರ, ಆದಂಗೇ ಅದ” ಎಂದ. ರೇರಾ ನಂಬರು? “ಬಂದಂಗೇ ಅದ.” ರಿಂಗ್ ರೋಡು? “ಹಾದಂಗೇ ಅದ.” ಭೂತ, ವರ್ತಮಾನ, ಭವಿಷ್ಯತ್ತುಗಳನ್ನು ಒಂದೇ ಪ್ರತ್ಯಯದಲ್ಲಿ ಕಟ್ಟಿಹಾಕುವ ಈ ‘ಅಂಗೇಕಾಲ’ ಯಾವ ಹಳಗನ್ನಡ ವ್ಯಾಕರಣದಲ್ಲೂ ಇಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ಇದನ್ನು ಮಾನ್ಯ ಮಾಡುವುದಿಲ್ಲ, ಮನಸ್ಸು ಮಾಡುತ್ತದೆ.

ಇಲ್ಲಿ ಪೂರ್ವಪಕ್ಷದವರು, ಚಕ್ಕುಬಂದಿ ಸರಿಯಿದ್ದರೆ ಸಾಕಲ್ಲವೇ ಎನ್ನಬಹುದು. ಚಕ್ಕುಬಂದಿಗೆ ಈ ಸೀಮೆ ಹೊಸದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ, ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಬರೆದ ಶ್ರೀವಿಜಯ ಕನ್ನಡ ನಾಡಿಗೆ ಕಾವೇರಿ, ಗೋದಾವರಿ ಎಂದು ಹದ್ದು ಹಾಕಿದ. ದಕ್ಷಿಣ ಆಯಿತು, ಉತ್ತರ ಆಯಿತು, ಪೂರ್ವ ಪಶ್ಚಿಮ? ಎರಡೇ ದಿಕ್ಕು ಬರೆದ ಕರಾರುಪತ್ರದ ಪರಂಪರೆ ಕಾಗಿಣಾ ದಂಡೆಯಲ್ಲಿ ಅಂದಿನಿಂದ ಅವಿಚ್ಛಿನ್ನವಾಗಿದೆ ಎಂಬುದು ನನ್ನ ಸಿದ್ಧಾಂತ. ರಾಜ್ಯಗಳ ಗಡಿತಂಟೆಗೆ ಕಾರಣ ಹುಡುಕುವವರು ಇದನ್ನು ಉಚಿತವಾಗಿ ಬಳಸಿಕೊಳ್ಳಬಹುದು.

ಎರಡನೆಯ ಶಾಸ್ತ್ರಕಾರ ಇನ್ನೂ ಅಪಾಯಕಾರಿ. ‘ಮಿತಾಕ್ಷರ’ದ ವಿಜ್ಞಾನೇಶ್ವರ ಶಹಾಬಾದದ ಹತ್ತಿರದ ಮರ್ತೂರಿನವನೆಂದು ಇಲ್ಲಿಯವರ ಹೆಮ್ಮೆ. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದವನಾದ ಈತ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಬರೆದ. ಕೂಸಿಗೆ ಅಂಗಿ ತೊಡಿಸುವ ಮುಂಚೆಯೇ ಪಾಲು. 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಸೇರಿಸಿತು, ಒಳ್ಳೆಯದೇ ಮಾಡಿತು. ಆದರೆ ಹೊಸ ಹೂಡಿಕೆದಾರ ಸಹಿ ಹಾಕಿಸಿಕೊಳ್ಳುವುದು ಚಹಾ ಕುಡಿಸಿದವನಿಂದ ಮಾತ್ರ. ಪುಣೆಯಲ್ಲಿ ಕೆಲಸಕ್ಕಿರುವ ತಮ್ಮ, ತಾಂಡೂರಿಗೆ ಕೊಟ್ಟ ತಂಗಿ, ತೊಟ್ಟಿಲಲ್ಲಿರುವ ಮೊಮ್ಮಗ ಇವರು ಚಹಾ ಕುಡಿದಿರುವುದಿಲ್ಲ.

ಭೂಮಿ ಕೇಂದ್ರದಲ್ಲಿ ಪಹಣಿ ತೆಗೆಸಲು ಹೋದಾಗ ಸರದಿಯಲ್ಲಿದ್ದ ಮುದುಕರೊಬ್ಬರು ನನ್ನ ಹಾಳೆ ಇಣುಕಿ, “ತಮ್ಮಾ, 9ನೇ ಕಾಲಂ ನೋಡಿ ಹಿಗ್ಗಬ್ಯಾಡ, 11 ಓದು” ಎಂದರು. 9ರಲ್ಲಿ ಮಾಲಕನ ಹೆಸರು. 11ರಲ್ಲಿ ಸಾಲ, ತಡೆಯಾಜ್ಞೆ, ಇತರರ ಹಕ್ಕು. ಈ ಇಡೀ ಪ್ರಬಂಧವನ್ನು ಅವರು ಅಷ್ಟರಲ್ಲೇ ಮುಗಿಸಿದ್ದರಿಂದ ನನಗೆ ತುಸು ಅಸೂಯೆಯಾಯಿತು. ಅವರ ಮಾತು ಕೇಳಿದೆ, 11 ಓದಲಿಲ್ಲ. ಆತ್ಮವಿಶ್ವಾಸ ಪೂರ್ಣಾವಸ್ಥೆಯಲ್ಲಿತ್ತು.

ಚಿಂಚೋಳಿಯ ಬಗ್ಗೆ ಒಂದೇ ಮಾತು. ಅಲ್ಲಿ ಕಾಡಂಚಿನಲ್ಲಿ ‘ಪ್ರಕೃತಿಯ ಮಡಿಲಲ್ಲಿ ಫಾರ್ಮ್‌ಹೌಸ್’ ತೋರಿಸಿದರು. ಆ ಕಾಡು 2011ರಿಂದ ವನ್ಯಜೀವಿಧಾಮ. ಪ್ರಕೃತಿಗೆ ಈ ಮಡಿಲಿನ ಸುದ್ದಿ ತಿಳಿದಂತಿರಲಿಲ್ಲ.

ಕೊನೆಗೆ ಪ್ರಯೋಗದ ಫಲಿತಾಂಶ. ಕೊಂಡ ಮೇಲಿನ ಜನವರಿಯಲ್ಲಿ ನನ್ನ 17ನ್ನು ನೋಡಲು ಹೋದೆ. ಕಲ್ಲು ಇರಲಿಲ್ಲ, ತೊಗರಿ ಕೊಯ್ದ ಕೂಳೆ ಇತ್ತು. ರಾಶಿ ಮಾಡುತ್ತಿದ್ದವ ಸೌಜನ್ಯದಿಂದಲೇ, “ಮಾರಿದವ ನಮ್ಮ ಕಾಕಾ ಹೌದ್ರಿ. ಆದ್ರ ನಾವು ಮಾರಿಲ್ಲ” ಎಂದ. ನೀರು ಕೊಟ್ಟ, ನೆರಳಲ್ಲಿ ಕೂಡಿಸಿದ. ಹೊರಟಾಗ ಚೀಲದಲ್ಲಿ ನಾಲ್ಕು ಸೇರು ತೊಗರಿ ಸುರಿದು, “ಒಯ್ರಿ, ನಿಮ್ಮ ಪ್ಲಾಟಿಂದೇ ಅದ” ಎಂದ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಹೂಡಿಕೆಯ ಮೇಲಿನ ನನ್ನ ಮೊದಲ ಪ್ರತಿಫಲಕ್ಕೆ ಅಷ್ಟಾದರೂ ದಾಖಲೆ ಇತ್ತು.

ಮನೆಯಲ್ಲಿ ಅದನ್ನು ಒಡೆಸಿ ಬೇಯಿಸಿದ ಹೆಂಡತಿ, ಸಾರು ಬಡಿಸುತ್ತ, “ಬ್ಯಾಳಿ ಛಲೋ ಕುದ್ದದರೀ. ಬಾಜೂಕಿನ 18ನೂ ತೊಗೊಂಡ್ ಬಿಡ್ರಲ್ಲ” ಎಂದಳು.