ಕಾರಿಲ್ಲದ ಗೃಹಸ್ಥಾಶ್ರಮ: ಸಾಧ್ಯತೆಗಳು ಮತ್ತು ಸವಾಲುಗಳು (ಕಂಪ್ಯೂಟರಿನ ವಿಶೇಷ ಉಲ್ಲೇಖದೊಂದಿಗೆ)

ಪೂರ್ವಪೀಠಿಕೆ

ಒಂದು ಮನೆ ತನ್ನ ಕಾರನ್ನು ಬಿಟ್ಟು ಬದುಕಬಲ್ಲುದೇ ಎಂಬ ಪ್ರಶ್ನೆಯನ್ನು ಈವರೆಗೆ ಯಾರೂ ಸಮಗ್ರವಾಗಿ ಕೈಗೆತ್ತಿಕೊಂಡಿಲ್ಲ. ಕೈಗೆತ್ತಿಕೊಂಡವರು ಸಮಗ್ರವಾಗಿರಲಿಲ್ಲ, ಸಮಗ್ರವಾಗಿದ್ದವರು ಕೈಗೆತ್ತಿಕೊಳ್ಳಲಿಲ್ಲ. ಈ ಕಂದರವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ದಕ್ಷಿಣ ಬೆಂಗಳೂರಿನ ಒಂದು ಮಧ್ಯಮವರ್ಗದ ಕುಟುಂಬವನ್ನು (ಗಂಡ, ಹೆಂಡತಿ, ಗಂಡನ ತಾಯಿ, ಪಿಯುಸಿ ಓದುವ ಮಗಳು, ಬೂದು ಬಣ್ಣದ ಒಂದು ಸಣ್ಣ ಕಾರು, ಆಗಾಗ ನಿದ್ದೆ ಹೋಗುವ ಒಂದು ಕಂಪ್ಯೂಟರು) ಅಧ್ಯಯನದ ವ್ಯಾಪ್ತಿಗೆ ಒಳಪಡಿಸಲಾಗಿದೆ. ಸಂಶೋಧಕನೂ ಗಂಡನೂ ಒಬ್ಬನೇ ಆಗಿರುವುದರಿಂದ ವಸ್ತುನಿಷ್ಠತೆಗೆ ಧಕ್ಕೆ ಬಂದಿರಬಹುದು. ಆದರೆ ಕ್ಷೇತ್ರಕಾರ್ಯಕ್ಕೆ ಪ್ರಯಾಣಭತ್ಯೆ ಬೇಕಾಗಲಿಲ್ಲ.

ಅಧ್ಯಯನಕ್ಕೆ ಪ್ರೇರಣೆ ಒದಗಿಸಿದ್ದು ನಗರದ ಒಂದು ದೊಡ್ಡ ಹೋಟೆಲಿನಲ್ಲಿ ನಡೆದ ವಿಚಾರ ಸಂಕಿರಣ. ‘ಸುಸ್ಥಿರ ಚಲನಶೀಲತೆಯ ಬಹುಮಾದರಿ ಏಕೀಕರಣ’ ಎಂಬುದು ವಿಷಯ. ನಮ್ಮ ಸಂಚಾರದ ಮೂಲ ಸಮಸ್ಯೆ ರಸ್ತೆಯಲ್ಲಿಲ್ಲ, ನಾಗರಿಕರ ಮನಸ್ಥಿತಿಯಲ್ಲಿದೆ ಎಂದು ಮುಖ್ಯ ಭಾಷಣಕಾರರು ತೋರಿಸಿಕೊಟ್ಟರು. ಕುಟುಂಬಗಳಲ್ಲಿ ‘ವರ್ತನಾ ಪಲ್ಲಟ’ ಆಗಬೇಕೆಂದರು. ಪರದೆಯ ಮೇಲೆ ಬಾಣಗಳು ಒಂದು ವೃತ್ತದಿಂದ ಇನ್ನೊಂದು ವೃತ್ತಕ್ಕೆ ಹೋಗಿ, ಅಲ್ಲಿಂದ ಮೊದಲಿನ ವೃತ್ತಕ್ಕೇ ವಾಪಸಾದವು. ಊಟದ ಹೊತ್ತಿಗೆ ಹೊರಬಂದರೆ, ಸಮವಸ್ತ್ರದ ಹುಡುಗರು ಪಲ್ಲಟಗೊಳ್ಳದ ಗಣ್ಯರ ದೊಡ್ಡ ದೊಡ್ಡ ಕಾರುಗಳನ್ನು ಒಂದೊಂದಾಗಿ ತಂದು ನಿಲ್ಲಿಸುತ್ತಿದ್ದರು. ಹೋಟೆಲಿಗೆ ಬಸ್ಸಿನಲ್ಲಿ ಬಂದಿದ್ದ ಸಂಶೋಧಕನನ್ನು ಗೇಟಿನಲ್ಲಿ ಕಾವಲುಗಾರ ತಡೆದು, ಯಾರ ಡ್ರೈವರ್ ಎಂದು ವಿಚಾರಿಸಿದ್ದನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ.

ಪರಿಭಾಷಾ ಪ್ರಕರಣ

ಮೊದಲು ಲಕ್ಷಣ. ಕಾರು ಎಂದರೆ ನಾಲ್ಕು ಚಕ್ರದ ಮೇಲೆ ಚಲಿಸುವ ವಸ್ತು ಎಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅವ್ಯಾಪ್ತಿದೋಷ ಬರುತ್ತದೆ. ಅಲ್ಲಿ ಅದು ಚಲಿಸುವುದಿಲ್ಲ. ನಾಲ್ಕು ಚಕ್ರದ ಮೇಲೆ ನಿಂತಿರುವ ವಸ್ತು ಎಂದರೆ ಸೊಪ್ಪಿನವನ ತಳ್ಳುಗಾಡಿಗೆ ಅತಿವ್ಯಾಪ್ತಿ. ಆದ್ದರಿಂದ ಸಿದ್ಧಲಕ್ಷಣ ಹೀಗೆ: ಆಯುಧಪೂಜೆಯ ದಿನ ಬೂದುಗುಂಬಳ ಒಡೆಸಿಕೊಂಡು, ನಾಲ್ಕು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಉಳಿದ ದಿನ ಮನೆ ಮುಂದೆ ನಿಂತು ಕಂತು ಕಟ್ಟಿಸಿಕೊಳ್ಳುವುದು ಕಾರು. ಅದೇ ದಿನ ಕುಂಕುಮ ಹಚ್ಚಿಸಿಕೊಂಡೂ ನಿಂಬೆಹಣ್ಣಿಗೆ ಅರ್ಹವಾಗದಿರುವುದು ಕಂಪ್ಯೂಟರು.

ಮುಂದೆ ಅನುಬಂಧ ಚತುಷ್ಟಯ. ವಿಷಯ, ಕಾರುತ್ಯಾಗ. ಪ್ರಯೋಜನ, ಸಂಕಿರಣದಲ್ಲಿ ಪ್ರಬಂಧ ಮಂಡನೆ. ಸಂಬಂಧ, ಇವೆರಡಕ್ಕೂ ಇಲ್ಲದೇ ಇರುವುದು. ಅಧಿಕಾರಿ ಯಾರು ಎಂಬುದು ಸೂಕ್ಷ್ಮ. ಯಾವುದನ್ನು ಬಿಡಬೇಕೋ ಅದು ಇರುವವನು ಮಾತ್ರ ತ್ಯಾಗಕ್ಕೆ ಅಧಿಕಾರಿ. ಆದ್ದರಿಂದ ಕಾರಿಲ್ಲದವರನ್ನು ಈ ಅಧ್ಯಯನದಿಂದ ಕೈಬಿಡಲಾಗಿದೆ. ನಮ್ಮ ಮನೆಯ ಕೆಲಸಕ್ಕೆ ಬರುವಾಕೆ, ‘ಕಾರಿಲ್ದೆ ಬದುಕೋದು ಹೆಂಗೆ ಅಂತ ಬರೀತಿದ್ದೀರಾ ಸಾರ್?’ ಎಂದು ಕೇಳಿ, ಸೆರಗು ಬಾಯಿಗಡ್ಡ ಹಿಡಿದು ಒಳಗೆ ಹೋದರು. ಮಾಹಿತಿದಾರರ ಪಟ್ಟಿಯಲ್ಲಿ ಇಲ್ಲದ ಕಾರಣ ಅವರ ನಗುವನ್ನು ವಿಶ್ಲೇಷಿಸಿಲ್ಲ.

ವರ್ಗೀಕರಣ ಪ್ರಕರಣ

ಮೀಮಾಂಸಕರು ಕರ್ಮವನ್ನು ವಿಭಾಗಿಸಿದಂತೆ ಕಾರಿನ ಪ್ರಯಾಣವೂ ನಾಲ್ಕು ವಿಧ: ನಿತ್ಯ, ನೈಮಿತ್ತಿಕ, ಕಾಮ್ಯ, ನಿಷಿದ್ಧ.

ನಿತ್ಯವೆಂದರೆ ಆಫೀಸು. ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ಪಾಪವುಂಟು. ನೈಮಿತ್ತಿಕವೆಂದರೆ ಮದುವೆ, ಮುಂಜಿ, ತಿಥಿ, ಆಸ್ಪತ್ರೆಯಲ್ಲಿ ಮಲಗಿದ ನೆಂಟರು. ಈ ಬಗೆಯಲ್ಲಿ ಗೃಹಿಣಿಯ (ಮಾಹಿತಿದಾರ ಸಂಖ್ಯೆ 2) ಹೇಳಿಕೆ ಗಮನಾರ್ಹ: ‘ರೀ, ರೇಷ್ಮೆ ಸೀರೆ ಉಟ್ಕೊಂಡು ಬೆಳಗಿನ ಜಾವ ಐದಕ್ಕೆ ಬಸ್‌ಸ್ಟಾಪಲ್ಲಿ ನಿಂತ್ಕೊ ಅಂತೀರಾ? ನೀವು ನಿಂತ್ಕೊಳ್ಳಿ, ಪಂಚೆಲಿ.’ ಕಾಮ್ಯವೆಂದರೆ ಬಿಡದಿಯ ತಟ್ಟೆ ಇಡ್ಲಿ, ನಂದಿಬೆಟ್ಟದ ಸೂರ್ಯೋದಯ. ಎರಡನೆಯದರಲ್ಲಿ ಸೂರ್ಯ ಮೇಲೆ ಬಂದಾಗ ಕಾರು ಇನ್ನೂ ಕೆಳಗಿರುತ್ತದೆ. ನಿಷಿದ್ಧವೆಂದರೆ ತಿರುವಿನ ಹಾಲಿನ ಬೂತಿಗೆ ಕಾರಿನಲ್ಲಿ ಹೋಗುವುದು. ಇದಕ್ಕೆ ಪ್ರಾಯಶ್ಚಿತ್ತವಾಗಿ ಎಲೆಕ್ಟ್ರಿಕ್ ಕಾರನ್ನು ವಿಧಿಸಲಾಗಿದೆ.

ಇವು ಪ್ರತಿಯೊಂದೂ ಸಾಪೇಕ್ಷ, ನಿರಪೇಕ್ಷ ಎಂದು ಇಬ್ಬಗೆಯಾಗಿ, ಮತ್ತೆ ಒಂಟಿ, ಸಕುಟುಂಬ ಎಂದು ಸೀಳಿ ಒಟ್ಟು ಹದಿನಾರಾಗುತ್ತವೆ. ಒಂಟಿ ಸಾಪೇಕ್ಷ ನೈಮಿತ್ತಿಕಕ್ಕೆ ಉದಾಹರಣೆ ಹುಡುಕುವಷ್ಟು ಚೈತನ್ಯ ಸಂಶೋಧಕನಲ್ಲಿ ಉಳಿದಿಲ್ಲ. ಮುಂದಕ್ಕೆ ಹೋಗೋಣ.

ಪ್ರಮಾಣ ಪ್ರಕರಣ

ಕಾರಿಗೆ ಪರ್ಯಾಯವಾದ ಬಸ್ಸನ್ನು ತಿಳಿಯುವ ಬಗೆ ಯಾವುದು? ಪ್ರತ್ಯಕ್ಷ ಪ್ರಮಾಣ ಅಪರೂಪ. ಶಬ್ದಪ್ರಮಾಣವೆಂದರೆ ಫೋನಿನ ಆ್ಯಪ್. ಎರಡು ನಿಮಿಷದಲ್ಲಿ ಬರುತ್ತದೆ ಎನ್ನುತ್ತದೆ, ಆಪ್ತವಾಕ್ಯವೆಂದು ನಂಬಬೇಕು. ಸ್ಟಾಪಿನಲ್ಲಿ ಜನ ದಟ್ಟೈಸಿದ್ದರಿಂದ ಬಸ್ಸು ಬಹಳ ಹೊತ್ತಿನಿಂದ ಬಂದಿಲ್ಲವೆಂದು ಊಹಿಸುವುದು ಅನುಮಾನ. ಕೊನೆಗೆ ನೆಲೆ ನಿಲ್ಲುವುದು ಅನುಪಲಬ್ಧಿ, ಅಂದರೆ ಕಾಣದಿರುವುದರಿಂದಲೇ ಇಲ್ಲವೆಂಬ ಜ್ಞಾನ. ಸಂಜೆ ಏಳರ ಮೇಲೆ ನಗರದ ಅಂಚಿನ ಬಡಾವಣೆಗಳಲ್ಲಿ ಈ ಪ್ರಮಾಣ ಒಂದೇ ಸಾಕು.

ಹಾಗೆಂದು ಕಾರು ವೇಗವಾಗಿ ಹೋಗುತ್ತದೆಂದಲ್ಲ. ಇವಾನ್ ಇಲಿಚ್ 1974ರ ‘ಎನರ್ಜಿ ಅಂಡ್ ಈಕ್ವಿಟಿ’ಯಲ್ಲಿ ಒಂದು ಲೆಕ್ಕ ಹಾಕಿದ್ದರು. ಸಾಮಾನ್ಯ ಅಮೆರಿಕನ್ನನು ಓಡಿಸುವುದು, ನಿಲ್ಲಿಸುವುದು, ಕಂತಿಗೂ ಪೆಟ್ರೋಲಿಗೂ ವಿಮೆಗೂ ದುಡಿಯುವುದು ಎಲ್ಲ ಸೇರಿ ವರ್ಷಕ್ಕೆ 1,600 ಗಂಟೆಗೂ ಮೇಲೆ ಕಾರಿಗೆ ತೆತ್ತು 7,500 ಮೈಲಿ ಸಾಗುತ್ತಾನೆ. ಗಂಟೆಗೆ ಐದು ಮೈಲಿಯೂ ಆಗಲಿಲ್ಲ. ಅದು ಖಾಲಿ ರಸ್ತೆಗಳ ದೇಶದ ಲೆಕ್ಕ. ಟಾಮ್‌ಟಾಮ್ ಸಂಸ್ಥೆಯ 2024ರ ಸೂಚ್ಯಂಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ 10 ಸೆಕೆಂಡು. ಇದಕ್ಕೆ ನಮ್ಮ ಕಂತು, ವಿಮೆ, ಪಾರ್ಕಿಂಗಿಗಾಗಿ ಸುತ್ತಿದ ಸುತ್ತುಗಳನ್ನು ಇಲಿಚ್ ರೀತಿ ಸೇರಿಸಿದರೆ, ಗಂಡ ಕಾರಿನಲ್ಲಿ ಹೊರಟಾಗ ಅಮ್ಮ ಕೋಲೂರಿಕೊಂಡು ಹೊರಟರೂ ಹೆಚ್ಚು ಹಿಂದೆ ಬೀಳುವುದಿಲ್ಲ.

ಆದರೂ ಕಾರು ಬೇಕು. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಜಗಳದ ನಡುವೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು, ಈಗ ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲೂ ಜನ ಒಪ್ಪುವುದಿಲ್ಲ ಎಂಬರ್ಥದ ಮಾತು ಆಡಿದರು. ಬಹಳ ಜನ ನಕ್ಕರು. ಸಂಶೋಧಕ ನಗಲಿಲ್ಲ, ಇಡೀ ಸಂಕಿರಣದ ಬಾಣ, ವೃತ್ತಗಳಿಗಿಂತ ಆ ಒಂದು ಮಾತಿನಲ್ಲಿ ಹೆಚ್ಚು ಸಮಾಜಶಾಸ್ತ್ರವಿದೆ. ತಪ್ಪಿರುವುದು ಅದರಿಂದ ಎಳೆದ ತೀರ್ಮಾನದಲ್ಲಿ. ವರನಿಗಾಗಿ ಸುರಂಗ ತೋಡುವುದಾದರೆ ವಧುವಿನ ಕಡೆಯವರು ಎಲ್ಲಿ ನಡೆಯಬೇಕು?

ಕಂಪ್ಯೂಟರು

ಪ್ರಬಂಧದ ಎರಡನೇ ಸಂಪುಟ ಪೂರ್ತಿ ಕಂಪ್ಯೂಟರಿಗೆ ಮೀಸಲಾಗಿತ್ತು. ಒಂದು ಪ್ಯಾರಾದಲ್ಲಿ ಮುಗಿಸುತ್ತೇನೆ. ಕಾರು ಮಾರಬೇಕಾದರೆ ಮಾಲೀಕತ್ವ ವರ್ಗಾವಣೆಯ 29ನೇ ಮತ್ತು 30ನೇ ನಮೂನೆ ತುಂಬಬೇಕು, ಅದಕ್ಕೆ ವಾಹನ ಪೋರ್ಟಲ್ಲಿಗೆ ಹೋಗಬೇಕು, ಒಟಿಪಿ ಬರಬೇಕು. ಅಂದರೆ ಕಾರು ಬಿಡಲು ಕಂಪ್ಯೂಟರು ಬೇಕು. ಕಂಪ್ಯೂಟರು ಬಿಟ್ಟರೆ ಎಲ್ಲ ಕೆಲಸಕ್ಕೂ ಕಚೇರಿಗಳಿಗೆ ಖುದ್ದು ಅಲೆಯಬೇಕು. ಅಲೆಯಲು ಕಾರು ಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಚಕ್ರಕದೋಷ ಎನ್ನುತ್ತಾರೆ; ನಮ್ಮದರಲ್ಲಿ ಚಕ್ರ ನಾಲ್ಕು. ಮಗಳ ಸಿಇಟಿ ಅರ್ಜಿ, ಆಮೇಲಿನ ಆಪ್ಷನ್ ಎಂಟ್ರಿ ಎಲ್ಲ ಆನ್‌ಲೈನಿನಲ್ಲೇ. ಮನೆಯಲ್ಲಿ ಕಂಪ್ಯೂಟರಿಲ್ಲದವರು ಸೈಬರ್ ಸೆಂಟರಿನ ಮುಂದೆ ದಾಖಲೆಗಳ ಪ್ಲಾಸ್ಟಿಕ್ ಕವರು ಹಿಡಿದು ನಿಲ್ಲುತ್ತಾರೆ. ಆ ಸಾಲು ನೋಡಿದ ಮೇಲೆ ಮಗಳು ‘ಅಪ್ಪ, ಕಂಪ್ಯೂಟರ್ ವಿಷಯ ಬಿಟ್ಬಿಡಿ’ ಎಂದಳು. ಬಿಟ್ಟಿದ್ದೇನೆ.

ಇತಿಹಾಸ, ಮತ್ತು ಶಾಸ್ತ್ರಭಾಷೆ ಕೈಕೊಡುವ ಜಾಗ

1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಗ್ರಾಹಕನ ಕೈಗೆ ಬಂತು. ಅದೇ 1983ರಲ್ಲಿ ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಪ್ರಸ್ತಾಪ ಬಂತು. ಒಂದೇ ವರ್ಷದ ಕೂಸುಗಳು. ಮಾರುತಿ 800 ಹುಟ್ಟಿ, ಬೆಳೆದು, ಒಂದು ತಲೆಮಾರಿಗೆ ಡ್ರೈವಿಂಗ್ ಕಲಿಸಿ, ವಯಸ್ಸಾಗಿ, 2014ರಲ್ಲಿ ತಯಾರಿಕೆ ನಿಲ್ಲಿಸಿಕೊಂಡಿತು. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಮೆಟ್ರೊದ ಮೊದಲ ಗಾಡಿ ಓಡಿದ್ದು 2011ರಲ್ಲಿ. ಜನ ಅದಕ್ಕೆ ಒಗ್ಗಿಕೊಂಡ ಮೇಲೆ, 2025ರ ಫೆಬ್ರುವರಿಯಲ್ಲಿ, ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಸ್ಕೂಟರಿನಲ್ಲಿ ಹೋಗುವವನು ಪೆಟ್ರೋಲ್ ಲೆಕ್ಕ ಹಾಕಿ ಸ್ಕೂಟರಿಗೇ ವಾಪಸಾದರೆ ಅದು ಮನಸ್ಥಿತಿಯ ಸಮಸ್ಯೆಯಂತೆ. 2018ರ ಫೆಬ್ರುವರಿಯಲ್ಲಿ ‘ವಿರಳ ಸಂಚಾರ ದಿನ’ ಎಂದು ಶುರುವಾಯಿತು, ಸ್ವಂತ ವಾಹನ ಬಿಟ್ಟು ಬಸ್ಸಿನಲ್ಲಿ ಬನ್ನಿ ಎಂದರು. ತಿಂಗಳ ಎರಡನೇ ಭಾನುವಾರ! ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಬಂದವರನ್ನು ಕೂರಿಸಲು ಬಸ್ಸೂ ಇರಲಿಲ್ಲ.

ವರ್ತನಾ ಪಲ್ಲಟವಂತೆ. ಸ್ವಾಮಿ, ನಮ್ಮ ಮನೆ ಗೇಟಿನಿಂದ ಬಸ್‌ಸ್ಟಾಪಿಗೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಮೊದಲು ಚಪ್ಪಡಿ ಇಲ್ಲದ ಮೋರಿ. ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್. ಅದರ ಬೇಲಿ ಫುಟ್‌ಪಾತಿನ ಪೂರ್ತಿ ಅಗಲಕ್ಕಿದೆ. ರಸ್ತೆಗಿಳಿಯಬೇಕು. ಮತ್ತೆ ಹತ್ತಿದರೆ ಹೊಸ ಕಟ್ಟಡದ ಎಂ-ಸ್ಯಾಂಡ್ ರಾಶಿ, ಮತ್ತೆ ಇಳಿಯಬೇಕು. ಆಮೇಲೆ ಎರಡು ಚಕ್ರ ಫುಟ್‌ಪಾತಿನ ಮೇಲೆ ಏರಿಸಿ ನಿಲ್ಲಿಸಿದ ಕಾರುಗಳು. ಫುಟ್‌ಪಾತಿನಲ್ಲಿ ಜಾಗ ಉಳಿದರೆ ಬೈಕಿನವರು ಹಿಂದಿನಿಂದ ಹಾರ್ನ್ ಹೊಡೆಯುತ್ತಾರೆ, ನಾವು ಅವರ ದಾರಿಯಲ್ಲಿ ನಡೆಯುತ್ತಿದ್ದೇವೆಂದು. ಸ್ಟಾಪಿನಲ್ಲಿ ಬಸ್ಸು ನಿಲ್ಲುವುದು ಅಂಚಿಗಲ್ಲ, ನಡುರಸ್ತೆಯಲ್ಲಿ. ಅದಕ್ಕೆ ಕಾರಣವೂ ಅಂಚಿನಲ್ಲಿ ನಿಂತ ಕಾರುಗಳೇ. ಮೊದಲ ಮೆಟ್ಟಿಲು ನಮ್ಮಮ್ಮನ ಮಂಡಿಗಿಂತ ಎತ್ತರ. ಈ ದಾರಿಗೆ ‘ಅಂತಿಮ ಮೈಲಿ ಸಂಪರ್ಕ’ ಎಂದು ಹೆಸರಿಟ್ಟವನು ಇಲ್ಲಿ ಒಂದು ದಿನವೂ ನಡೆದಿಲ್ಲ. ನಡೆದಿದ್ದರೆ ‘ಅಂತಿಮ’ ಎಂದು ಬರೆಯಲು ಅವನ ಕೈ ನಡುಗುತ್ತಿತ್ತು.

ಅಮ್ಮನನ್ನು ಮಾಹಿತಿದಾರ ಸಂಖ್ಯೆ 3 ಎಂದು ನಮೂದಿಸಿದ್ದೆ. ಪ್ರಶ್ನಾವಳಿ ಓದಿ ಹೇಳಿದಾಗ ಅವರು ಅಂದದ್ದಿಷ್ಟು: ‘ಕಾರು ಯಾಕಪ್ಪ ನಂಗೆ? ಆ ಚಪ್ಪಡಿ ಒಂದು ಹಾಕ್ಸಿಬಿಡು, ದೇವಸ್ಥಾನಕ್ಕೆ ನಾನೇ ಹೋಗ್ಬರ್ತೀನಿ.’ ಬಹುಮಾದರಿ ಏಕೀಕರಣದ ಮೇಲೆ ಇದಕ್ಕಿಂತ ಪೂರ್ಣವಾದ ವರದಿಯನ್ನು ನಾನು ಓದಿಲ್ಲ.

ಪರಿಭಾಷಾ ಪ್ರಕರಣದಲ್ಲಿ ಕೈಬಿಟ್ಟ ಕಾರಿಲ್ಲದವರ ವಿಷಯವನ್ನೂ ಹೇಳಬೇಕು. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಕಾರೋ ಜೀಪೋ ಇದ್ದ ಮನೆಗಳು ಶೇ. 4.7. ಕಂಪ್ಯೂಟರಿದ್ದವು ಶೇ. 9.5. ಆಮೇಲೆ ಹೆಚ್ಚಿರಬಹುದು, ಹೆಚ್ಚಿದೆ. ಆದರೂ ಕಾರಿಲ್ಲದ ಮನೆಗಳೇ ಇಂದಿಗೂ ಬಹುಪಾಲು. ಒಂದು ಮನೆ ಕಾರಿಲ್ಲದೆ ಬದುಕಬಲ್ಲುದೇ ಎಂದು ಎಸಿ ಸಭಾಂಗಣದಲ್ಲಿ ಕೂತು ಕೇಳುವಾಗ, ಹೊರಗೆ ಊರಿಗೆ ಊರೇ ಹಾಗೆ ಬದುಕಿಕೊಂಡಿದೆ. ಬಿಎಂಟಿಸಿ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 40 ಲಕ್ಷ ಜನ ಓಡಾಡುತ್ತಾರೆ. ಅವರ ಯಾವ ವರ್ತನೆ ಪಲ್ಲಟವಾಗಬೇಕು? ನಮ್ಮ ಮನೆ ಕೆಲಸದಾಕೆ ಎರಡು ಬಸ್ಸು ಬದಲಿಸಿ ಬರುತ್ತಾರೆ. 2023ರ ಜೂನ್ ನಂತರ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಅದಕ್ಕೂ ಊರವರ ಹೀಯಾಳಿಕೆ: ಫ್ರೀ ಬಸ್ಸಲ್ಲಿ ಹೆಂಗಸರು ಸುಮ್ಮನೆ ಸುತ್ತುತ್ತಾರೆ ಅಂತ. ನಂದಿಬೆಟ್ಟಕ್ಕೆ ನಾವು ಹೋದರೆ ಪ್ರವಾಸ, ಅವರು ಧರ್ಮಸ್ಥಳಕ್ಕೆ ಹೋದರೆ ಸುಮ್ಮನೆ ಸುತ್ತಾಟ. ರಸ್ತೆ ಅಪಘಾತದಲ್ಲಿ ಸಾಯುವವರಲ್ಲೂ ದ್ವಿಚಕ್ರದವರು, ನಡೆದು ಹೋಗುವವರೇ ಹೆಚ್ಚು. ಕಾರಿಲ್ಲದವರು ರಸ್ತೆಗೆ ಕೊಡುವ ತೆರಿಗೆ ಅದು. ಸುಸ್ಥಿರತೆ ಎಂದರೆ ಏನೆಂದು ಅವರಿಗೆ ಯಾರೂ ಉಪನ್ಯಾಸ ಕೊಡಬೇಕಿಲ್ಲ. ಪ್ರಶಸ್ತಿ ಕೊಡದಿದ್ದರೂ ಹೋಗಲಿ, ನಡೆಯಲು ಮೂರಡಿ ನೆಲ ಕೊಡಬಹುದಿತ್ತು.

ಒಂದು ಕಾಲಕ್ಕೆ ಈ ಊರಿನಲ್ಲಿ ಬಿಟಿಎಸ್‌ನ (ಇಂದಿನ ಬಿಎಂಟಿಸಿ) ಡಬ್ಬಲ್ ಡೆಕ್ಕರ್ ಬಸ್ಸು ಇತ್ತು. ಮೇಲಿನ ಮುಂದಿನ ಸೀಟಿಗಾಗಿ ಮಕ್ಕಳು ಜಗಳ ಆಡುತ್ತಿದ್ದರು. ಮೇಷ್ಟ್ರು, ಗುಮಾಸ್ತ, ಬ್ಯಾಂಕಿನ ಮ್ಯಾನೇಜರ್ ಎಲ್ಲ ಒಂದೇ ಕಂಬಿ ಹಿಡಿದು ನಿಲ್ಲುತ್ತಿದ್ದರು. ಬಸ್ಸು ತಡವಾದರೆ ಬೈಯುತ್ತಿದ್ದರು, ಬೈದರೆ ಕೇಳಿಸುತ್ತಿತ್ತು, ಬೈದವನು ಬಸ್ಸಿನಲ್ಲೇ ಇರುತ್ತಿದ್ದ. ನಮ್ಮಂಥವರು ಒಬ್ಬೊಬ್ಬರೇ ಕಾರು ಹತ್ತಿದ ಮೇಲೆ ಬಸ್ಸಿನ ಪರವಾಗಿ ಬೈಯುವ, ಮೇಲಿನವರಿಗೆ ಕೇಳಿಸುವ ದನಿಗಳೂ ಜೊತೆಗೇ ಇಳಿದುಹೋದವು.

ನಿರ್ಣಯ

ಕುಟುಂಬದ ಸಭೆಯಲ್ಲಿ ಕಾರು ಮಾರಲು ಇಬ್ಬರು, ಬೇಡವೆನ್ನಲು ಒಬ್ಬರು, ಚಪ್ಪಡಿಗೆ ಒಬ್ಬರು. ಚಪ್ಪಡಿಯ ಪಕ್ಷವನ್ನು ಅವಿರೋಧವಾಗಿ ಅಂಗೀಕರಿಸಲಾಯಿತು. ಮಗಳು ಕಂಪ್ಯೂಟರಿನಲ್ಲಿ ಸಂಬಂಧಪಟ್ಟವರಿಗೆ ಫೋಟೊ ಸಮೇತ ದೂರು ಕಳಿಸಿದಳು. ನಾಲ್ಕಾರು ದಿನದಲ್ಲಿ ‘ಪರಿಹರಿಸಲಾಗಿದೆ’ ಎಂದು ಉತ್ತರ ಬಂತು. ಹೊರಗೆ ಹೋಗಿ ನೋಡಿದರೆ ಮೋರಿ ಹಾಗೇ ಬಾಯಿ ತೆರೆದಿತ್ತು. ಅವಳು ಅದೇ ಫೋಟೊ ಹಾಕಿ ದೂರನ್ನು ಮತ್ತೆ ತೆರೆದಿದ್ದಾಳೆ. ಚಪ್ಪಡಿ ಬೀಳುವವರೆಗೆ ಅಮ್ಮನನ್ನು ಪಕ್ಕದ ಬೀದಿಯ ದೇವಸ್ಥಾನಕ್ಕೆ ಕಾರಿನಲ್ಲೇ ಕರೆದುಕೊಂಡು ಹೋಗುತ್ತಿದ್ದೇನೆ. ಈ ಪ್ರಯಾಣ ನಿತ್ಯವೋ ನಿಷಿದ್ಧವೋ ಎಂಬುದನ್ನು ಮುಂದಿನ ಸಂಕಿರಣದಲ್ಲಿ ವಿದ್ವಾಂಸರು ತೀರ್ಮಾನಿಸಿಕೊಳ್ಳಲಿ. ಬರುವಾಗ ಬಸ್ಸಿನಲ್ಲಿ ಬರಲಿ.