ಫೋರ್‌ಮನ್ ಸಾಹೇಬರ ಪೊಕ್ಲೇನು

ಫೋರ್‌ಮನ್ ಸಾಹೇಬರ ಮುಂದೆ ‘ಜೆಸಿಬಿ’ ಎಂಬ ಮೂರಕ್ಷರ ಆಡಬಾರದು. ಆಡಿದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

“ಏನಂದ್ರಿ? ಜೆಸಿಬೀನಾ? ಮುಂದೆ ಒಂದು ಬಕೆಟ್ಟು, ಹಿಂದೆ ಒಂದು ಕೈ, ಕೆಳಗೆ ನಾಲ್ಕು ರಬ್ಬರ್ ಚಕ್ರ ಇತ್ತಾ? ಹಾಗಾದ್ರೆ ಅದು ಬ್ಯಾಕ್‌ಹೋ ಲೋಡರು. ಜೆಸಿಬಿ ಅನ್ನೋದು ಒಬ್ಬ ಮನುಷ್ಯನ ಇನಿಷಿಯಲ್ಲು ಕಣ್ರೀ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್. ಇಂಗ್ಲೆಂಡಿನಲ್ಲಿ 1945ರಲ್ಲಿ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಅಂಗಡಿ ಇಟ್ಟ. ನಿಮ್ಮ ತಾತನ ಹೆಸರನ್ನ ಯಾರಾದ್ರೂ ಮಣ್ಣು ಅಗೆಯೋ ಯಂತ್ರಕ್ಕೆಲ್ಲಾ ಇಟ್ರೆ ಸುಮ್ನಿರ್ತೀರಾ?”

ಹೇಳಿದವನು ಪಾಪ, ಮನೆ ಪಾಯ ತೋಡಿಸೋಕೆ ಗಂಟೆಗೆ ಎಷ್ಟಾಗುತ್ತೆ ಅಂತ ಕೇಳಲು ಬಂದಿರುತ್ತಾನೆ.

ಸಾಹೇಬರ ಸಿಟ್ಟಿನಲ್ಲಿ ನ್ಯಾಯ ಇಲ್ಲದೆ ಇಲ್ಲ. ಕರ್ನಾಟಕದಲ್ಲಿ ಮಣ್ಣು ಅಗೆಯುವ ಯಂತ್ರಕ್ಕೆ ಅಚ್ಚಗನ್ನಡದ ಹೆಸರು ಪತ್ರಿಕೆಯವರ ಹತ್ತಿರ ಮಾತ್ರ ಇದೆ. ಜನ ಚಕ್ರದ್ದಕ್ಕೆ ಜೆಸಿಬಿ ಎನ್ನುತ್ತಾರೆ, ಚೈನಿನದ್ದಕ್ಕೆ ಹಿಟಾಚಿ ಎನ್ನುತ್ತಾರೆ. ಕೆರೆ ಹೂಳೆತ್ತಲು ಯಾವ ಕಂಪನಿಯ ಯಂತ್ರ ಬಂದು ನಿಂತರೂ ಊರಿನವರು ನೋಡಿ ಬಂದು ಹೇಳುವುದು “ಎರಡು ಹಿಟಾಚಿ ಬಂದವೆ” ಅಂತಲೇ. ಚುನಾವಣೆ ಬಂದರೆ ನಾಯಕರ ಮೇಲೆ ಹೂಮಳೆ ಸುರಿಸುವುದು ಜೆಸಿಬಿ. ಕೊಂಚ ವಯಸ್ಸಾದ ಕಂಟ್ರಾಕ್ಟರುಗಳು ಇನ್ನೂ ‘ಪೊಕ್ಲೇನ್’ ಅನ್ನುತ್ತಾರೆ. ಅದು ಫ್ರಾನ್ಸಿನ ಕಂಪನಿ. ಹೀಗೆ ಇಂಗ್ಲಿಷಿನವನು, ಜಪಾನಿನವನು, ಫ್ರೆಂಚಿನವನು ಮೂವರೂ ಕನ್ನಡದ ನಾಮಪದಗಳಾಗಿಬಿಟ್ಟರು. 1964ರಲ್ಲಿ ಹುಟ್ಟಿ ಕೆಜಿಎಫ್‌ನ ಮಣ್ಣಿನಲ್ಲೇ ನಿಂತು ಬುಲ್ಡೋಜರು, ಎಕ್ಸ್‌ಕವೇಟರು ಮಾಡುತ್ತಿರುವ ಬೆಮೆಲ್‌ನ ಹೆಸರನ್ನು ಮಾತ್ರ ಯಾರೂ ನಾಮಪದ ಮಾಡಲಿಲ್ಲ. “ಒಂದು ಬೆಮೆಲ್ ಕಳಿಸಪ್ಪಾ, ಪಾಯ ತೆಗೀಬೇಕು” ಎಂದು ಯಾವ ಗಂಡಸಾದರೂ ಫೋನು ಮಾಡಿದ್ದನ್ನು ಸಾಹೇಬರು ತಮ್ಮ ಜೀವಮಾನದಲ್ಲಿ ಕೇಳಿಲ್ಲ. ಈಚೆಗೆ ಬೆಂಗಳೂರಿನ ಹುಡುಗರಿಗೆ ಬೆಮೆಲ್ ಅಂದರೆ ಮೆಟ್ರೊ ಬೋಗಿ ಮಾಡುವ ಕಂಪನಿ. ಭಾರತ್ ಅರ್ಥ್ ಮೂವರ್ಸ್ ಅಂತಿದ್ದ ಪೂರ್ತಿ ಹೆಸರನ್ನು ಕಂಪನಿಯೇ ಬೆಮೆಲ್ ಅಂತ ಚಿಕ್ಕದು ಮಾಡಿಕೊಂಡ ಮೇಲೆ ದೂರು ಕೊಡುವುದಾದರೂ ಯಾರಿಗೆ?

ಫೋರ್‌ಮನ್ ಸಾಹೇಬರು ಅಂದರೆ ಕೆಜಿಎಫ್‌ನಲ್ಲಿ ಇವರೊಬ್ಬರೇ ಅಲ್ಲ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ನಡುವೆ ನಿಂತು “ಫೋರ್‌ಮನ್ ಸಾರ್” ಅಂತ ಒಂದು ಸಲ ಕೂಗಿ ನೋಡಿ, ಹತ್ತು ತಲೆ ತಿರುಗುತ್ತವೆ. ಗುರುತು ಹಿಡಿಯುವುದು ಸುಲಭ. ಷರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಆರಿಂಚಿನ ಸ್ಟೀಲ್ ಸ್ಕೇಲು ಇರುತ್ತದೆ. ಮದುವೆಗೆ ಹೋದರೆ ಮಂಟಪದ ಕಡೆ ಬೆನ್ನು ಮಾಡಿ ಛತ್ರದ ಹಿಂದಿನ ಜನರೇಟರಿನ ಕಡೆ ಕಿವಿ ಕೊಟ್ಟು ಕೂತಿರುತ್ತಾರೆ. ಅತ್ತ ಗಟ್ಟಿಮೇಳ ಶುರುವಾದರೆ ಇತ್ತ ಪಕ್ಕದವರ ತೊಡೆ ತಟ್ಟಿ “ಒಂದು ಸಿಲಿಂಡರು ಮಿಸ್ ಹೊಡೀತಾ ಇದೆ, ಕೇಳ್ಸುತ್ತಾ?” ಅನ್ನುತ್ತಾರೆ. ಯಾರ ಮನೆಗೆ ಹೋದರೂ ಗೇಟಿನ ಕೀಲಿಗೆ ಎಣ್ಣೆ ಬಿಡದೆ ಒಳಗೆ ಕಾಲಿಡುವುದಿಲ್ಲ. ಬೆಮೆಲ್‌ನಿಂದ ರಿಟೈರಾಗಿ ವರ್ಷಗಳಾದರೂ ಬೆಳಿಗ್ಗೆ ಫಸ್ಟ್ ಶಿಫ್ಟಿನ ಹೊತ್ತಿಗೆ ತಾನಾಗಿ ಎಚ್ಚರವಾಗುತ್ತದೆ, ಎದ್ದ ಮೇಲೆ ಮಾಡಲು ಏನೂ ಇರುವುದಿಲ್ಲ.

ನಮ್ಮ ಸಾಹೇಬರ ಆ ‘ಏನೂ ಇಲ್ಲ’ವನ್ನು ತುಂಬಿದ್ದು ಮಾಲೂರು ಕಡೆಯ ಒಂದು ಇಟ್ಟಿಗೆ ಗೂಡಿನ ಹಿಂದೆ ಸಿಕ್ಕ ಯಂತ್ರ. ಬೂಮಿನ ಸಂದಿಯಲ್ಲಿ ಒಂದು ಹೊಂಗೆ ಗಿಡ ಆಳೆತ್ತರ ಬೆಳೆದಿತ್ತು. ಆಪರೇಟರ್ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಗುಜರಿಯವನು ಕೆಜಿ ಲೆಕ್ಕದಲ್ಲಿ ರೇಟು ಮಾತಾಡಿ ಗ್ಯಾಸ್ ಕಟರು ಸಮೇತ ಬಂದು ನಿಂತಿದ್ದ. ಸಾಹೇಬರು ನಾಮಫಲಕದ ಮೇಲಿನ ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿ ಓದಿದರು: ಎಲ್ ಅಂಡ್ ಟಿ ಪೊಕ್ಲೇನ್, 90 ಸಿಕೆ. ಫ್ರಾನ್ಸಿನ ಪೊಕ್ಲೇನ್ ಕಂಪನಿ 1961ರಲ್ಲಿ ಟಿವೈ 45 ಎಂಬ ಯಂತ್ರ ಬಿಟ್ಟು, ಹಗ್ಗ ರಾಟೆಗಳ ಕಾಲ ಮುಗಿಯಿತು, ಇನ್ನು ಎಣ್ಣೆಯ ಒತ್ತಡದ ಕಾಲ ಅಂತ ಲೋಕಕ್ಕೆ ತೋರಿಸಿತ್ತಲ್ಲ, ಆ ವಂಶದ ಕುಡಿ ಇದು. ಎಲ್ ಅಂಡ್ ಟಿ ಅದನ್ನು ಬೆಂಗಳೂರಿನಲ್ಲೇ ತಯಾರಿಸುತ್ತಿತ್ತು. ಹಾಗಾಗಿ ಒಂದು ಲೆಕ್ಕದಲ್ಲಿ ಊರಿನ ಹುಡುಗಿಯೇ. ಇನ್ನೊಂದು ಲೆಕ್ಕದಲ್ಲಿ, ಬೆಮೆಲ್‌ನವರ ಪಾಲಿಗೆ, ಎದುರು ಪಾರ್ಟಿ.

ಸಂಜೆ ಬೆಂಚಿನ ಮೇಲೆ ಕೂರುವ ಹಳೇ ಸಹೋದ್ಯೋಗಿಗಳು ಬಿಡುತ್ತಾರೆಯೇ? “ಮೂವತ್ತೈದು ವರ್ಷ ಕಂಪನಿ ಅನ್ನ ತಿಂದು, ಕೊನೆಗೆ ಅವರ ಮನೆ ಗಾಡಿ ತಂದು ಕಟ್ಕೊಂಡ್ರಲ್ಲಾ ಸಾರ್!”

ಸಾಹೇಬರ ಹತ್ತಿರ ಉತ್ತರ ಸಿದ್ಧವಿದೆ. “ನಮ್ಮ ಡಿ 80, ಡಿ 155 ಬುಲ್ಡೋಜರಿಗೆಲ್ಲ ಡ್ರಾಯಿಂಗು ಕೊಟ್ಟ ಕೊಮಾಟ್ಸುನವರು ನಮಗೆ ಬೀಗರಿದ್ದ ಹಾಗೆ. 1998ರಲ್ಲಿ ಅವರೇ ಎಲ್ ಅಂಡ್ ಟಿ ಜೊತೆ ಕೂಡಾವಳಿ ಮಾಡ್ಕೊಂಡ್ರು. ಬೀಗರಿಗೇ ಇಲ್ಲದ ನಾಚಿಕೆ ನನಗ್ಯಾಕಪ್ಪಾ?”

ಮನೆಯಲ್ಲಿ ಹೇಳಿದ್ದು ಬೇರೆ. “ರಿಪೇರಿ ಮಾಡಿ ಬಾಡಿಗೆಗೆ ಬಿಡ್ತೀನಿ ಕಣೇ, ಪೆನ್ಷನ್ನಿನ ಮೇಲೆ ನಾಲ್ಕು ಕಾಸು.” ಆಕೆ ಮಾತಾಡಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ಮಗ ಮಾತಾಡಿದ. ಅವನ ಸಲಹೆ ಟೆರೇಸಿನ ಮೇಲೆ ತರಕಾರಿ ಬೆಳೆಸುವುದಾಗಿತ್ತು.

ಯಂತ್ರ ಬಂದು ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಕೂತಿತು. ಮೊದಲ ಮೂರು ತಿಂಗಳು ಕೆಲಸವೆಲ್ಲ ಬರೀ ಕಾಯುವುದು. ಎಂಜಿನ್ನು ಜಾಮಾಗಿತ್ತು. ನಾಜಲ್ಲುಗಳನ್ನು ಬಿಚ್ಚಿ ಆ ತೂತುಗಳಿಂದ ಡೀಸೆಲ್ಲು, ಎಣ್ಣೆ ಬೆರೆಸಿ ಬಿಟ್ಟು, ಪಿಸ್ಟನ್ ರಿಂಗುಗಳ ತುಕ್ಕು ನೆನೆಯಲಿ ಅಂತ ದಿನಾ ಬೆಳಿಗ್ಗೆ ಫ್ಲೈವೀಲಿಗೆ ಸಬ್ಬಲು ಕೊಟ್ಟು ಒಂದು ಎಳೆತ ಎಳೆಯುವುದು. ದೇವರ ಪೂಜೆಗಾದರೂ ಒಂದೊಂದು ದಿನ ರಜೆ ಬಿದ್ದೀತು, ಈ ಎಳೆತಕ್ಕೆ ಬೀಳಲಿಲ್ಲ. ತೊಂಬತ್ತನೆಯ ದಿನವೋ ಏನೋ, ಫ್ಲೈವೀಲು ನೂಲಿನಷ್ಟು ಅಲುಗಿತು. ಅಂದು ಬೀದಿಗೆಲ್ಲ ಮೈಸೂರ್‌ಪಾಕು ಹಂಚಿದರು. ಯಾಕೆಂದು ಕೇಳಿದವರಿಗೆ “ತಿರುಗ್ತು” ಅಂದರು. ಎದುರುಮನೆಯವರು ಮಗಳ ಮದುವೆ ಮಾತುಕತೆ ಇರಬೇಕು, ಗಂಡಿನ ಕಡೆಯವರ ಮನಸ್ಸು ತಿರುಗಿರಬೇಕು ಅಂದುಕೊಂಡು ಶುಭಾಶಯ ಹೇಳಿದರು.

ಸಾಮಾನಿಗೆ ಬೆಂಗಳೂರೇ ಗತಿ. ಬೆಳಗಿನ ರೈಲಿಗೆ ಬಂಗಾರಪೇಟೆ ಮೇಲಾಗಿ ಕೆಲಸಕ್ಕೆ ಹೋಗುವ ಸಾವಿರಾರು ಜನರ ನಡುವೆ ಕಂಕುಳಲ್ಲಿ ಗೋಣಿಚೀಲ ಇಟ್ಟುಕೊಂಡು ನಿಂತು ಸಾಹೇಬರೂ ಹೋಗುತ್ತಾರೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸೀಲ್ ಕಿಟ್ಟು, ಎಸ್.ಪಿ. ರಸ್ತೆಯಲ್ಲಿ ಬೇರಿಂಗು. ಕೌಂಟರಿನ ಹುಡುಗ “ಮಾಡೆಲ್ ನಂಬರ್ ಹೇಳಿ ಅಂಕಲ್” ಅನ್ನುತ್ತಾನೆ. ಇವರು ಹೇಳುತ್ತಾರೆ. ಹುಡುಗ ಕಂಪ್ಯೂಟರು ನೋಡಿ “ಅಂಥದ್ದೊಂದು ಇಲ್ವೇ ಇಲ್ಲ” ಅನ್ನುತ್ತಾನೆ. ಆಗ ಗೋಣಿಚೀಲದಿಂದ ಹರಿದ ಸೀಲು ಹೊರಬರುತ್ತದೆ, ಜೇಬಿನ ಸ್ಕೇಲು ಹೊರಬರುತ್ತದೆ, ಒಳಗಿನಿಂದ ಹುಡುಗನ ತಾತ ಹೊರಬರುತ್ತಾರೆ. ಇಬ್ಬರು ಮುದುಕರೂ ಅಟ್ಟದ ಮೇಲಿನ ಧೂಳಿನ ಡಬ್ಬಗಳ ನಡುವೆ ಮಧ್ಯಾಹ್ನದ ಊಟ ಮರೆಯುತ್ತಾರೆ.

ವಾಪಸು ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ. ಆ ಊರಿನ ಪಾನಿಪೂರಿಯ ನೀರು ಹಸಿರಲ್ಲ, ಕೆಂಪಲ್ಲ, ಬಾವಿಯ ನೀರಿನಷ್ಟು ತಿಳಿ. ಬಾಯಿಗೆ ಹಾಕಿದ ಮೇಲಷ್ಟೇ ಖಾರ ಇದೆ ಅಂತ ಗೊತ್ತಾಗುವುದು. ಆ ಹೆಸರಿನ ಬೋರ್ಡು ಈಗ ಬೆಂಗಳೂರಿನ ಬೀದಿಬೀದಿಯಲ್ಲಿದೆ. ಸಾಹೇಬರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಗಾಡಿಯವನಿಗೆ ಹೇಳುತ್ತಾರೆ: “ಹೈಡ್ರಾಲಿಕ್ ಆಯಿಲ್ಲೂ ಹೀಗೇ ಇರ್ಬೇಕು ಕಣಯ್ಯಾ. ಮಜ್ಜಿಗೆ ಥರ ಬೆಳ್ಳಗಾಯ್ತು ಅಂದ್ರೆ ನೀರು ಸೇರಿದೆ ಅಂತ ಅರ್ಥ. ಪಂಪು ಹೋಯ್ತು ಅಂತ ಅರ್ಥ.” ಗಾಡಿಯವನು ಇನ್ನೊಂದು ಪೂರಿ ಜಾಸ್ತಿ ಕೊಟ್ಟು ಸುಮ್ಮನಾಗುತ್ತಾನೆ.

ಬುಶ್ಶಿನ ಪ್ರಕರಣ ಮಾತ್ರ ಬೀದಿಗೆಲ್ಲ ಗೊತ್ತಾಯಿತು. ಬಕೆಟ್ಟು ಮತ್ತು ಆರ್ಮು ಸೇರುವ ಕಡೆ ಪಿನ್ನು ಆಡುವುದಕ್ಕೆ ಉಕ್ಕಿನ ಬುಶ್ಶು ಕೂರಿಸಬೇಕು. ಅದು ಬಿಗಿಯಾಗಿ ಕೂರಬೇಕಾದರೆ ತೂತಿಗಿಂತ ಕೂದಲೆಳೆಯಷ್ಟು ದಪ್ಪ ಇರಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವವನು, ಸಾಹೇಬರ ಮಾತಿನಲ್ಲಿ, ಕಟುಕ. ಬಲ್ಲವನು ಬುಶ್ಶನ್ನು ತಣ್ಣಗೆ ಮಾಡಿ ಕುಗ್ಗಿಸುತ್ತಾನೆ. ಎಂಬತ್ತು ಮಿಲಿಮೀಟರಿನ ಬುಶ್ಶನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಒಂದು ರಾತ್ರಿ ಇಟ್ಟರೆ ಅದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗದಷ್ಟು ಸಣ್ಣಗಾಗುತ್ತದೆ. ಅಷ್ಟು ಸಾಕು.

ಬೆಳಿಗ್ಗೆ ಐಸ್‌ಕ್ರೀಮಿಗೆ ಕೈಹಾಕಿದ ಮೊಮ್ಮಗಳ ಕೈಗೆ ಅಂಟಿಕೊಂಡು ಬಂದದ್ದು ಅದು. “ರೀ! ಹಾಲು, ಮೊಸರಿನ ಫ್ರಿಜ್ಜಿನಲ್ಲಿ ಇದೇನ್ರೀ ಇಟ್ಟಿದ್ದೀರಾ?” ಸಾಹೇಬರು ಓಡಿ ಬಂದರು. ಮೊಮ್ಮಗಳ ಕೈ ನೋಡುವ ಮೊದಲು ಬಾಗಿಲು ಮುಚ್ಚಿದರು: “ಬಾಗಿಲು ತೆಗೆದಿಟ್ಟು ಮಾತಾಡ್ಬೇಡ್ವೇ, ಹಿಗ್ಗಿಬಿಡುತ್ತೆ!”

ವೆಲ್ಡಿಂಗಿಗೆ ಕೂತಾಗಲೇ ಕರೆಂಟು ಹೋಗುವುದು ಆ ಬೀದಿಯ ಸಂಪ್ರದಾಯ. ಹೋದ ಕೂಡಲೆ ಸಾಹೇಬರು ಕಪ್ಪು ಕನ್ನಡಕ ಹಣೆಗೇರಿಸಿ, ಕೇಳುವವರು ಇರಲಿ ಬಿಡಲಿ, ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲೇ ತಂತಿ ಎಳೆದು ವಿದ್ಯುತ್ತು ತಂದದ್ದನ್ನೂ ಬೆಂಗಳೂರಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ ಎಂಬುದನ್ನೂ ಕತ್ತಲಿಗೆ ತಿಳಿಸುತ್ತಾರೆ.

2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ನೋಡುಗರ ಕಾಟ ಬೇರೆ. ಚಿನ್ನದ ಗಣಿಯ ಸೈನೈಡ್ ದಿಬ್ಬ ನೋಡಲು ಬೈಕುಗಳಲ್ಲಿ ಬರುವ ಹುಡುಗರು ದಾರಿಯಲ್ಲಿ ಈ ತುಕ್ಕು ಹಿಡಿದ ಗಾತ್ರವನ್ನು ಕಂಡು ನಿಲ್ಲಿಸುತ್ತಾರೆ. “ಅಂಕಲ್, ರಾಕಿ ಭಾಯ್ ಗಾಡೀನಾ ಇದು?” ಮೊದಮೊದಲು ಸಾಹೇಬರು ಬಯ್ಯುತ್ತಿದ್ದರು. ಈಗ ಷರತ್ತು ಹಾಕುತ್ತಾರೆ: ಬಕೆಟ್ಟಿನಲ್ಲಿ ಕೂತು ಫೋಟೊ ತೆಗೆಸಿಕೊಳ್ಳುವವನು ಮೊದಲು ಗ್ರೀಸ್ ಗನ್ನು ಹಿಡಿದು ಹತ್ತು ನಿಪ್ಪಲ್ಲಿಗೆ ಗ್ರೀಸು ಹೊಡೆಯಬೇಕು. ಹೀಗೆ ಆ ಯಂತ್ರದ ಕೆಳಭಾಗದ ಸೇವೆಯೆಲ್ಲ ದಾವಣಗೆರೆ, ಹೊಸೂರು, ಚಿತ್ತೂರಿನ ಅಭಿಮಾನಿಗಳಿಂದಲೇ ನಡೆದಿದೆ.

ತಮ್ಮಂಥವರು ಲೋಕದಲ್ಲಿ ಬೇರೆಯೂ ಇದ್ದಾರೆ ಎಂಬುದು ಸಾಹೇಬರಿಗೆ ಗೊತ್ತಾದದ್ದು ಮೊಮ್ಮಗ ಫೋನಿನಲ್ಲಿ ತೋರಿಸಿದ ಮೇಲೆ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಥ್ರೆಲ್‌ಕೆಲ್ಡ್ ಎಂಬ ಹಳೇ ಕಲ್ಲುಕ್ವಾರಿಯೊಂದಿದೆ. ಅಲ್ಲಿ ಹಳೆಯ ಎಕ್ಸ್‌ಕವೇಟರುಗಳನ್ನು ರಿಪೇರಿ ಮಾಡಿ, ಜಾತ್ರೆಯಂತೆ ಜನ ಸೇರಿಸಿ ಸುಮ್ಮನೆ ಮಣ್ಣು ಅಗೆಯುವ ಒಂದು ಟ್ರಸ್ಟೇ ಇದೆ. ಅದಕ್ಕಿಂತ ಅವರನ್ನು ಹಿಡಿದದ್ದು 1909ರಲ್ಲಿ ತಯಾರಾದ ರಸ್ಟನ್ ಪ್ರಾಕ್ಟರ್ ಕಂಪನಿಯ ಹಬೆಯಂತ್ರದ ಕತೆ. ಆರ್ಲ್‌ಸೀ ಎಂಬ ಊರಿನ ಸುಣ್ಣಕಲ್ಲಿನ ಗುಂಡಿಯಲ್ಲಿ ಅದನ್ನು ಬಿಟ್ಟುಹೋಗಿದ್ದರು, ಗುಂಡಿಗೆ ನೀರು ತುಂಬಿ ಯಂತ್ರ ಮುಳುಗಿತು, 1977ರಲ್ಲಿ ಅದನ್ನು ಮೇಲೆತ್ತಿ ರಿಪೇರಿ ಮಾಡಿದರು. ಈ ಕತೆಯನ್ನು ಮೊಮ್ಮಗನಿಂದ ಮೂರು ಸಲ ಓದಿಸಿದರು. 2001ರ ಫೆಬ್ರುವರಿ 28ರಂದು ಇಲ್ಲಿ ಗಣಿ ಮುಚ್ಚಿತು; ಪಂಪು ನಿಂತಿತು; ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ಏರಿತು. ಸಾಹೇಬರ ಅಪ್ಪ ಕೆಳಗೆ ದುಡಿದವರು. “ಅವರದ್ದು ಒಂದು ಗುಂಡಿ,” ಅಂದರು ಸಾಹೇಬರು. ಆಮೇಲೆ ಎದ್ದುಹೋಗಿ ಒಂದು ಗಂಟೆ ಬಕೆಟ್ಟಿನ ಹಲ್ಲು ಉಜ್ಜಿದರು. ಆ ಹಲ್ಲು ಆಗಲೇ ಹೊಳೆಯುತ್ತಿತ್ತು.

ಕಡೆಗೂ ಆ ಭಾನುವಾರ ಬಂತು. ಸ್ಟಾರ್ಟರಿಗೆ ಇಪ್ಪತ್ತನಾಲ್ಕು ವೋಲ್ಟು ಬೇಕು, ಅಂದರೆ ಎರಡು ಬ್ಯಾಟರಿ. ಒಂದು ಪಕ್ಕದವರ ಟ್ರ್ಯಾಕ್ಟರಿನದು. ಇನ್ನೊಂದು ಎಲ್ಲಿಂದ ಬಂತೆಂಬುದು ಅಂದು ಸಂಜೆ ಕರೆಂಟು ಹೋಗಿ ಇನ್ವರ್ಟರು ‘ಕೀಂ’ ಅಂದಾಗ ಹೆಂಡತಿಗೆ ತಿಳಿಯಿತು. ಫೀಡ್ ಪಂಪು ಒತ್ತಿ ಒತ್ತಿ, ಪೈಪಿನ ನಟ್ಟು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ಲು ಜಿನುಗುವವರೆಗೆ ಏರು ತೆಗೆದರು. ನಿಂಬೆಹಣ್ಣು ಚೈನಿನ ಕೆಳಗೆ, ಕರ್ಪೂರ ರೇಡಿಯೇಟರಿನ ಮುಂದೆ. ಬೀದಿಯೆಲ್ಲ ನಿಂತಿತ್ತು. ಬೆಂಚಿನ ಸಹೋದ್ಯೋಗಿಗಳು ಬಾಜಿ ಕಟ್ಟಿದ್ದರು, ಎಲ್ಲರೂ ಒಂದೇ ಕಡೆಗೆ.

ಗುರ್ ಅಂದಿತು. ಬಿಳಿಹೊಗೆ ಬಂತು. ಕೆಮ್ಮಿತು. ಕಪ್ಪುಹೊಗೆ ಬಂತು. ಆಮೇಲೆ ಹಿಡಿಯಿತು ನೋಡಿ! ಕಾಗೆಗಳೆಲ್ಲ ಎದ್ದುಹೋದವು. ಬೂಮು ನಡುಗುತ್ತ ನಡುಗುತ್ತ, ನಿದ್ದೆಯಿಂದೆದ್ದ ಆನೆಯ ಸೊಂಡಿಲಿನಂತೆ ಮೇಲೇಳಿತು. ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕದ್ದನ್ನು ಸಾಹೇಬರು ಕ್ಯಾಬಿನ್ನಿನಿಂದ ನೋಡಿದರು. ನೋಡಿದ್ದೇ ಉತ್ಸಾಹ ಬಂದು ಎರಡೂ ಪೆಡಲು ಒತ್ತಿದರು.

ಎಡಗಡೆಯ ಚೈನು ನಡೆಯಿತು. ಬಲಗಡೆಯದು ನಡೆಯಲಿಲ್ಲ. ಪ್ರತಿ ಚೈನಿಗೂ ಬೇರೆ ಮೋಟಾರು ಇರುವ ಯಂತ್ರದಲ್ಲಿ ಹೀಗಾದರೆ ಅದು ಮುಂದಕ್ಕೆ ಹೋಗುವುದಿಲ್ಲ, ಪ್ರದಕ್ಷಿಣೆ ಹಾಕುತ್ತದೆ. ಬಲಕ್ಕೆ ತಿರುಗಿತು, ತಿರುಗಿತು, ಚರಂಡಿಯ ಚಪ್ಪಡಿಯ ಮೇಲೆ ಏರಿತು. ಚಪ್ಪಡಿ ಅಂಥ ಅತಿಥಿಯನ್ನು ನಿರೀಕ್ಷಿಸಿರಲಿಲ್ಲ. ಎಂಜಿನ್ನು ನಿಂತಾಗ ಬೀದಿಗೆ ಬೀದಿಯೇ ಗಪ್‌ಚಿಪ್.

ಕತ್ತಲಾಗುವ ಮೊದಲು ಚರಂಡಿ ಖಾಲಿ ಮಾಡಿಸದಿದ್ದರೆ ನೀರು ಎಲ್ಲರ ಮನೆಗೂ ನುಗ್ಗುವುದರಲ್ಲಿತ್ತು. ಯಾರೋ ಫೋನು ಮಾಡಿದರು. ಫೋನಿನಲ್ಲಿ ಏನೆಂದರು ಅಂತ ಸಾಹೇಬರು ಕೇಳಲಿಲ್ಲ, ಕೇಳಿದರೂ ಕೇಳಿಸದವರ ಹಾಗೆ ನಿಂತರು. ಅರ್ಧ ಗಂಟೆಯಲ್ಲಿ ಬಂತು: ಹಳದಿ ಬಣ್ಣ, ಕನ್ನಡಿಗೆ ಕೆಂಪು ಕುಚ್ಚು, ಗಾಜಿನ ಮೇಲೆ ದೇವರ ಹೆಸರು, ಮುಂದೆ ಬಕೆಟ್ಟು, ಹಿಂದೆ ಕೈ. ಇಪ್ಪತ್ತೆರಡರ ಪ್ರಾಯದ ಡ್ರೈವರು ಕೆಳಗಿಳಿದು, ವಾಲಿಕೊಂಡು ನಿಂತಿದ್ದ ಪೊಕ್ಲೇನಿನ ಸುತ್ತ ಒಂದು ಸುತ್ತು ಬಂದ. ಚೈನು ಮುಟ್ಟಿದ. ಬೂಮಿನ ಕೆಳಗೆ ಬಗ್ಗಿ ನೋಡಿದ. ಅವನ ಮುಖದಲ್ಲಿ ನಿಜವಾದ ಗೌರವವಿತ್ತು.

“ಸೂಪರಾಗಿದೆ ಸಾರ್,” ಅಂದ. “ಯಾವ ಕಂಪನಿ ಜೆಸಿಬಿ ಇದು?”